ಉಸಿರಾಟದ ಹಾದಿಯಲ್ಲಿ ವಿಷಾನಿಲಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ವಿಜ್ಞಾನ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನನ್ನ ನೆನಪಿಗೆ ಮೊದಲು ಬಂದುದು ಅಮೋನಿಯಾ ಕಾರಂಜಿಯ ಪ್ರಯೋಗ. ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಅದು ನೆನಪಿರಬಹುದು. ದುಂಡನೆಯ ಗಾಜಿನ ಬುರುಡೆಯಲ್ಲಿ ಒಣ ಅಮೋನಿಯಾ ಅನಿಲವನ್ನು ತುಂಬಿ, ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಕೆಂಪು ಲಿಟ್ಮಸ್ ಬೆರೆಸಿದ ನೀರಿನಲ್ಲಿ ಅದರ ನಳಿಗೆಯನ್ನು ಅದ್ದಿ, ಒಳಗೆ ಒಂದೆರಡು ಹನಿ ನೀರು ಬಿಟ್ಟರೆ ಸಾಕು. ಅನಿಲವೆಲ್ಲ ಆ ಹನಿಗಳಲ್ಲಿ ಕರಗಿ ಬುರುಡೆಯು ಬರಿದಾಗುತ್ತದೆ. ಕೆಳಗಿನ ನೀರು ಕಾರಂಜಿಯಾಗಿ ಮೇಲಕ್ಕೆ ಚಿಮ್ಮಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ತರಗತಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ‘ಅಮೋನಿಯಾವು ನೀರಿನಲ್ಲಿ ಅತಿಯಾಗಿ ಕರಗುವ ಅನಿಲ’ ಎಂದು ಬರೆದು ಅಂಕ ಪಡೆದು ಮರೆತುಬಿಟ್ಟೆವು.

ಆ ಒಂದು ವಾಕ್ಯದಲ್ಲಿ ಮನುಷ್ಯನ ಪ್ರಾಣವನ್ನು ಉಳಿಸಬಲ್ಲ ತಿಳಿವಳಿಕೆ ಅಡಗಿತ್ತೆಂಬುದು ನನಗೆ ಅರ್ಥವಾದುದು ಬಹಳ ವರ್ಷಗಳ ನಂತರ. ನಾವು ಉಸಿರಾಡುವ ಗಾಳಿಯಲ್ಲಿ ಬೆರೆತ ವಿಷಾನಿಲವು ದೇಹದಲ್ಲಿ ಯಾವ ಸ್ಥಳದಲ್ಲಿ ಹೀರಲ್ಪಡುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಅದು ನೀರಿನಲ್ಲಿ ಕರಗುವ ಗುಣವೇ ಆಗಿದೆ. ನಮ್ಮ ಸೀಮೆಯಲ್ಲಿ ಕೆಟ್ಟ ಹೊಗೆ ಬಂದಾಗ ಹೆಂಗಸರು ಸೆರಗನ್ನೂ ಗಂಡಸರು ಟವೆಲ್ಲನ್ನೂ ಮೂಗಿಗೆ ಅಡ್ಡ ಹಿಡಿಯುವುದುಂಟು. ಇದರಿಂದ ಯಾವ ಅನಿಲ ತಡೆಯಲ್ಪಡುತ್ತದೆ, ಯಾವುದು ತಡೆಯಲ್ಪಡುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ.

ಉಸಿರಿನ ಮಾರ್ಗ

ವಿಶ್ರಾಂತಿಯಲ್ಲಿರುವ ವಯಸ್ಕನೊಬ್ಬ ನಿಮಿಷಕ್ಕೆ ಸುಮಾರು 15 ಸಲ, ಪ್ರತಿ ಸಲವೂ ಸುಮಾರು ಅರ್ಧ ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಲೆಕ್ಕ ಹಾಕಿದರೆ ಇದು ದಿನಕ್ಕೆ 10,800 ಲೀಟರುಗಳಾಗುತ್ತದೆ. ಹೊಲದಲ್ಲಿ ದುಡಿಯುವಾಗ, ಕಲ್ಲು ಹೊರುವಾಗ, ಓಡುವಾಗ ಇದು ಹಲವು ಪಟ್ಟು ಹೆಚ್ಚುತ್ತದೆ.

ಈ ಗಾಳಿಯು ಮೊದಲು ಹಾಯುವುದು ಮೂಗಿನ ಮೂಲಕ. ಮೂಗೆಂದರೆ ಬರಿಯ ಎರಡು ಹೊಳ್ಳೆಗಳಲ್ಲ. ಒಳಗೆ ಸುರುಳಿಯಂತೆ ಬಾಗಿದ ತೆಳು ಮೂಳೆಗಳಿದ್ದು, ಅವುಗಳ ಮೇಲೆ ಸದಾ ತೇವವಾಗಿರುವ ಲೋಳೆಪೊರೆ ಹರಡಿದೆ. ಗಾಳಿಯು ಈ ಕಿರಿದಾದ ಸಂದುಗಳಲ್ಲಿ ಸುತ್ತಿ ಬರುವಾಗ ಬೆಚ್ಚಗಾಗುತ್ತದೆ, ತೇವವಾಗುತ್ತದೆ, ಧೂಳನ್ನು ಕಳೆದುಕೊಳ್ಳುತ್ತದೆ. ಮುಂದೆ ಗಂಟಲು, ಅದರ ಕೆಳಗೆ ಶ್ವಾಸನಾಳ. ಶ್ವಾಸನಾಳವು ಎರಡಾಗಿ, ಆ ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಕವಲೊಡೆಯುತ್ತ ಹೋಗುತ್ತದೆ. ಸ್ವಿಟ್ಜರ್‌ಲೆಂಡಿನ ಅಂಗರಚನಾಶಾಸ್ತ್ರಜ್ಞ ಎವಾಲ್ಡ್ ವೈಬೆಲ್ ಅವರು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ 23 ಕವಲುಗಳ ಮಾದರಿಯನ್ನು ನೀಡಿದರು. ಮೊದಲ 16 ಕವಲುಗಳು ಗಾಳಿಯನ್ನು ಸಾಗಿಸುವ ಕೊಳವೆಗಳು ಮಾತ್ರ. ಅಲ್ಲಿಂದ ಮುಂದೆ ಗಾಳಿಗೂಡುಗಳು ಕಾಣಿಸಿಕೊಳ್ಳತೊಡಗುತ್ತವೆ. ವಯಸ್ಕರ ಎರಡೂ ಶ್ವಾಸಕೋಶಗಳಲ್ಲಿ ಇಂತಹ ಗೂಡುಗಳು ಸುಮಾರು 48 ಕೋಟಿ ಇವೆಯೆಂದು ಇತ್ತೀಚಿನ ಎಣಿಕೆ ತಿಳಿಸುತ್ತದೆ. ಗಾಳಿಗೂಡಿನ ಗಾಳಿಗೂ ಅದನ್ನು ಸುತ್ತಿದ ರಕ್ತಕ್ಕೂ ನಡುವೆ ಇರುವ ಪೊರೆಯು ತಲೆಗೂದಲಿನ ದಪ್ಪದ ನೂರನೆಯ ಒಂದು ಭಾಗದಷ್ಟು ಮಾತ್ರ ದಪ್ಪ.

ಈ ಮಾರ್ಗದುದ್ದಕ್ಕೂ ಒಂದು ದ್ರವದ ಲೇಪವಿದೆ. ಮೂಗಿನಿಂದ ದೊಡ್ಡ ಕೊಳವೆಗಳವರೆಗೆ ಅದು ಲೋಳೆಯಿಂದ ಕೂಡಿ ದಪ್ಪವಾಗಿರುತ್ತದೆ. ಕೆಳಗಿಳಿದಂತೆ ತೆಳುವಾಗುತ್ತ, ಗಾಳಿಗೂಡುಗಳಲ್ಲಿ ಅತಿ ತೆಳುವಾಗುತ್ತದೆ. ಯಾವ ಅನಿಲವೇ ಆಗಲಿ, ದೇಹವನ್ನು ಸೇರಬೇಕಾದರೆ ಮೊದಲು ಈ ದ್ರವದಲ್ಲಿ ಕರಗಲೇಬೇಕು. ಆದುದರಿಂದ ನಮ್ಮ ಉಸಿರಾಟದ ಹಾದಿಯನ್ನು ಒಳಗೆಲ್ಲ ಒದ್ದೆಯಾಗಿರುವ ಉದ್ದನೆಯ ಕೊಳವೆಯೆಂದು ಭಾವಿಸಿಕೊಂಡರೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ.

ಕರಗುವ ಗುಣವೇ ನಿರ್ಣಾಯಕ

ಇಂಗ್ಲೆಂಡಿನ ವಿಲಿಯಂ ಹೆನ್ರಿ ಎಂಬ ವಿಜ್ಞಾನಿಯು 1803ರಲ್ಲಿ ಒಂದು ನಿಯಮವನ್ನು ತಿಳಿಸಿದನು. ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ದ್ರವದ ಮೇಲಿರುವ ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆ ಎಂಬುದೇ ಆ ನಿಯಮ. ಆದರೆ ಒಂದೇ ಒತ್ತಡದಲ್ಲಿಯೂ ಎಲ್ಲ ಅನಿಲಗಳು ಒಂದೇ ಸಮನಾಗಿ ಕರಗುವುದಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 700 ಲೀಟರ್ ಅಮೋನಿಯಾವನ್ನು, ಸುಮಾರು 40 ಲೀಟರ್ ಗಂಧಕದ ಡೈ ಆಕ್ಸೈಡನ್ನು ಕರಗಿಸಿಕೊಳ್ಳಬಲ್ಲದು. ಅದೇ ಒಂದು ಲೀಟರ್ ನೀರು ಇಂಗಾಲದ ಮಾನಾಕ್ಸೈಡನ್ನು ಕರಗಿಸಿಕೊಳ್ಳುವುದು ಒಂದು ದೊಡ್ಡ ಚಮಚದಷ್ಟು ಮಾತ್ರ, ಅಂದರೆ ಸುಮಾರು 23 ಮಿಲಿಲೀಟರ್.

ಇದರ ಪರಿಣಾಮವನ್ನು ಊಹಿಸಿಕೊಳ್ಳಬಹುದು. ಚೆನ್ನಾಗಿ ಕರಗುವ ಅನಿಲವು ಮೂಗಿನ ತೇವವನ್ನು ಮುಟ್ಟಿದೊಡನೆ ಅಲ್ಲಿಯೇ ಉಳಿದುಬಿಡುತ್ತದೆ. ಅಷ್ಟಾಗಿ ಕರಗದ ಅನಿಲವು ಮೂಗು, ಗಂಟಲು, ಶ್ವಾಸನಾಳಗಳನ್ನು ದಾಟಿ ನೇರವಾಗಿ ಆಳಕ್ಕೆ ಇಳಿಯುತ್ತದೆ.

ಇದರೊಡನೆ ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಒಂದನೆಯದು, ಕರಗಿದ ಅನಿಲ ಮುಂದೆ ಏನಾಗುತ್ತದೆ ಎಂಬುದು. ದ್ರವದ ಲೇಪವು ಅನಿಲವನ್ನು ಹೀರುತ್ತಲೇ ಇರಬೇಕಾದರೆ, ಹೀರಿದ್ದು ಎಲ್ಲಿಗಾದರೂ ಹೋಗುತ್ತಿರಬೇಕು. ಅದು ರಾಸಾಯನಿಕವಾಗಿ ಬೇರೊಂದು ವಸ್ತುವಾಗಬೇಕು, ಇಲ್ಲವೇ ರಕ್ತವು ಅದನ್ನು ಕೊಂಡೊಯ್ಯಬೇಕು. ಹಾಗಾಗದಿದ್ದರೆ ಲೇಪವು ತುಂಬಿಕೊಂಡು ಹೀರುವುದನ್ನು ನಿಲ್ಲಿಸುತ್ತದೆ. ಎರಡನೆಯದು, ಉಸಿರಾಟದ ರೀತಿ. ನಿಧಾನವಾಗಿ ಮೂಗಿನಿಂದ ಉಸಿರಾಡುವಾಗ ಅನಿಲಕ್ಕೆ ಕರಗಲು ಸಮಯವೂ ಸ್ಥಳವೂ ದೊರೆಯುತ್ತವೆ. ಬಾಯಿ ತೆರೆದು ಏದುಸಿರು ಬಿಡುವಾಗ ಎರಡೂ ದೊರೆಯುವುದಿಲ್ಲ.

ಮೇಲೆಯೇ ತಂಗುವ ಅನಿಲಗಳು

ಗಂಧಕದ ಡೈ ಆಕ್ಸೈಡ್ ಇದಕ್ಕೆ ಉತ್ತಮ ನಿದರ್ಶನ. ಗಂಧಕದ ಅಂಶವಿರುವ ಕಲ್ಲಿದ್ದಲನ್ನು ಸುಟ್ಟಾಗ ಅದು ಹುಟ್ಟುತ್ತದೆ. 1874ರಲ್ಲಿ ವಾಡಿ ಮತ್ತು ಸಿಕಂದರಾಬಾದುಗಳ ನಡುವೆ ರೈಲುಮಾರ್ಗ ತೆರೆದಂದಿನಿಂದ ಹಬೆಯಂತ್ರದ ಕಾಲ ಮುಗಿಯುವವರೆಗೂ ತಾಂಡೂರು, ಧಾರೂರು, ವಿಕಾರಾಬಾದುಗಳ ಜನರಿಗೆ ಈ ಹೊಗೆಯ ಘಾಟು ಪರಿಚಿತವಾಗಿತ್ತು. ಶಾಂತವಾಗಿ ಮೂಗಿನಿಂದ ಉಸಿರಾಡುವವನು ಒಳಗೆಳೆದುಕೊಂಡ ಗಂಧಕದ ಡೈ ಆಕ್ಸೈಡಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಭಾಗ ಗಂಟಲನ್ನು ತಲುಪುವ ಮೊದಲೇ ಹೀರಲ್ಪಡುತ್ತದೆ. ಅದು ತೇವದೊಡನೆ ಸೇರಿ ಆಮ್ಲವಾಗುತ್ತದೆ. ಆದುದರಿಂದಲೇ ಮೂಗು ಉರಿಯುತ್ತದೆ, ಸೀನು ಬರುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ. ಉಸಿರನ್ನು ಹೊರಬಿಡುವಾಗ ಹೀರಿಕೊಂಡುದರಲ್ಲಿ ಸ್ವಲ್ಪ ಭಾಗವನ್ನು ಮೂಗು ಮರಳಿ ಗಾಳಿಗೇ ಬಿಟ್ಟುಕೊಡುತ್ತದೆ.

ಆದರೆ ಅದೇ ಮನುಷ್ಯ ಮೂಟೆ ಹೊತ್ತು ಏದುಸಿರಿನಿಂದ ಬಾಯಿಯಲ್ಲಿ ಉಸಿರಾಡಿದರೆ ಈ ರಕ್ಷಣೆ ಕುಗ್ಗುತ್ತದೆ. ಅನಿಲವು ಶ್ವಾಸನಾಳಿಕೆಗಳಿಗೆ ಇಳಿದು ಅವುಗಳನ್ನು ಬಿಗಿಸುತ್ತದೆ. ದಮ್ಮಿನ ಕಾಯಿಲೆ ಇರುವವರಲ್ಲಿ ಕೆಲವೇ ನಿಮಿಷಗಳಲ್ಲಿ ಎದೆ ಬಿಗಿಯಬಹುದು. ಮಸಿಯ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡ ಅನಿಲವೂ ಮೂಗನ್ನು ತಪ್ಪಿಸಿಕೊಂಡು ಆಳಕ್ಕೆ ಹೋಗಬಲ್ಲದು. 1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಐದು ದಿನ ಕವಿದ ಕಲ್ಲಿದ್ದಲಿನ ಹೊಗೆಮಂಜಿನಲ್ಲಿ ಮಸಿಯೂ ಈ ಅನಿಲವೂ ಕೂಡಿಕೊಂಡಿದ್ದವು. ಅಂದಿನ ಎಣಿಕೆಯಂತೆಯೇ ಸುಮಾರು 4,000 ಜನ ಸತ್ತರು.

ಅಮೋನಿಯಾ, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಕ್ಲೋರೈಡ್‌ಗಳೂ ಈ ಗುಂಪಿಗೇ ಸೇರುತ್ತವೆ. ಇವುಗಳಲ್ಲಿ ಒಂದು ಉಪಕಾರವಿದೆ. ಅವು ಮುಟ್ಟಿದಲ್ಲಿಯೇ ಉರಿಸಿ, ‘ಇಲ್ಲಿ ನಿಲ್ಲಬೇಡ’ ಎಂದು ನಮ್ಮನ್ನು ಎಚ್ಚರಿಸುತ್ತವೆ. ಒದ್ದೆ ಬಟ್ಟೆಯು ಅಲ್ಪಸ್ವಲ್ಪವಾದರೂ ಉಪಯೋಗಕ್ಕೆ ಬರುವುದು ಇಂತಹ ಅನಿಲಗಳ ಎದುರಿನಲ್ಲಿ. ಮೂಗಿನ ತೇವ ಮಾಡುವ ಕೆಲಸವನ್ನೇ ಬಟ್ಟೆಯ ತೇವವೂ ಮಾಡುತ್ತದೆ.

ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಿದ್ದಿತು. ಅದು ನೀರಿನೊಡನೆ ವರ್ತಿಸುವ, ಕಣ್ಣು ಮೂಗುಗಳನ್ನು ತೀವ್ರವಾಗಿ ಉರಿಸುವ ವಿಷ. ನಿದ್ದೆಯಿಂದೆದ್ದ ಜನ ಕತ್ತಲಲ್ಲಿ ಓಡಿದರು. ಓಡಿದವರು ಬಾಯಿ ತೆರೆದು ಆಳವಾಗಿ ಉಸಿರೆಳೆದುಕೊಂಡರು. ವಿಷದ ಪ್ರಮಾಣ ಅಷ್ಟು ಹೆಚ್ಚಾದಾಗ ಮೇಲಿನ ಹಾದಿಯ ತೇವವು ಅದನ್ನು ತಡೆಯಲಾರದು, ಅದು ಶ್ವಾಸಕೋಶದ ಆಳಕ್ಕೇ ನುಗ್ಗುತ್ತದೆ. ಸಾವಿರಾರು ಜನ ಸತ್ತರು. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಿರಿ, ಗಾಳಿ ಬೀಸುವ ದಿಕ್ಕಿಗೆ ಓಡಬೇಡಿ ಎಂಬ ಸರಳ ಮಾತುಗಳನ್ನು ಆ ಬಡಾವಣೆಗಳಿಗೆ ಯಾರೂ ಮೊದಲೇ ತಿಳಿಸಿರಲಿಲ್ಲ.

ಆಳಕ್ಕೆ ಇಳಿಯುವ ಅನಿಲಗಳು

ಎರಡನೆಯ ಗುಂಪಿನಲ್ಲಿ ಸಾರಜನಕದ ಡೈ ಆಕ್ಸೈಡ್ ಮತ್ತು ಓಝೋನ್ ಮುಖ್ಯವಾದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ಆಡಳಿತದ ಗಡಿ ಬದಲಾದರೂ ನೆಲದೊಳಗಿನ ಸುಣ್ಣಕಲ್ಲಿನ ಪದರಕ್ಕೆ ಗಡಿಯಿಲ್ಲ. ಶಹಾಬಾದ, ವಾಡಿ, ಮಳಖೇಡ, ಸೇಡಂ, ತಾಂಡೂರುಗಳ ಹೆಸರು ಹಾಸುಗಲ್ಲಿನೊಡನೆಯೂ ಸಿಮೆಂಟಿನೊಡನೆಯೂ ಸೇರಿಹೋಗಿದೆ. ಸಿಮೆಂಟಿನ ಗೂಡಿನಲ್ಲಿ ಕಲ್ಲು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಏರುತ್ತದೆ. ಕಲ್ಲಿದ್ದಲಿನ ಗಂಧಕದ ಹೆಚ್ಚಿನ ಭಾಗವನ್ನು ಸುಣ್ಣವೇ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅಂತಹ ಕಾವಿನಲ್ಲಿ ಗಾಳಿಯಲ್ಲಿರುವ ಸಾರಜನಕ ಮತ್ತು ಆಮ್ಲಜನಕಗಳೇ ಒಂದಾಗಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಲಾರಿಗಳ ಎಂಜಿನ್ನಿನಲ್ಲಿ, ವೆಲ್ಡಿಂಗ್ ಮಾಡುವಲ್ಲಿ, ಅಡಿಗೆಮನೆಯ ಗ್ಯಾಸ್ ಜ್ವಾಲೆಯಲ್ಲಿಯೂ ಇದೇ ನಡೆಯುತ್ತದೆ.

ಸಾರಜನಕದ ಡೈ ಆಕ್ಸೈಡ್ ನೀರಿನಲ್ಲಿ ನಿಧಾನವಾಗಿ ಮಾತ್ರ ಕರಗಿ ಆಮ್ಲವಾಗುವುದರಿಂದ ಮೂಗಿನಲ್ಲಿ ಅಷ್ಟಾಗಿ ಉರಿಯುವುದಿಲ್ಲ. ಅದರ ಬಹುಭಾಗವು ಕಿರಿಯ ಶ್ವಾಸನಾಳಿಕೆಗಳೂ ಗಾಳಿಗೂಡುಗಳೂ ಕೂಡುವ ಸ್ಥಳದವರೆಗೆ ಸಾಗುತ್ತದೆ. ಕಲ್ಲಿನ ಗಣಿಯಲ್ಲಿ ಮದ್ದು ಸಿಡಿಸಿದ ಮೇಲೆ ಕೆಲವೊಮ್ಮೆ ಕಂದು ಅಥವಾ ಕಿತ್ತಳೆ ಬಣ್ಣದ ಹೊಗೆ ಏಳುವುದನ್ನು ಅಲ್ಲಿ ದುಡಿದವರು ಕಂಡಿರುತ್ತಾರೆ. ಆ ಬಣ್ಣ ಈ ಅನಿಲದ್ದೇ. ಅದರಲ್ಲಿ ಸಿಕ್ಕಿದವನು ಸ್ವಲ್ಪ ಕೆಮ್ಮಿ, ಏನೂ ಆಗಲಿಲ್ಲವೆಂದು ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಹಲವು ಗಂಟೆಗಳು ಕಳೆದ ಮೇಲೆ ಗಾಳಿಗೂಡುಗಳಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟಬಹುದು. ಆದುದರಿಂದ ಕಂದು ಹೊಗೆ ಕುಡಿದವರು ಆರೋಗ್ಯವಾಗಿ ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ ಒಂದು ದಿನವಾದರೂ ವೈದ್ಯರ ನಿಗಾದಲ್ಲಿರುವುದು ಅವಶ್ಯ.

ಓಝೋನಿನ ರೀತಿ ತುಸು ಬೇರೆ. ಅದು ಹೆಚ್ಚಾಗಿ ಕರಗದಿದ್ದರೂ ಬಹಳ ಚುರುಕಾಗಿ ವರ್ತಿಸುವ ಅನಿಲ. ಲೋಳೆಯಲ್ಲಿರುವ ಸಿ ಜೀವಸತ್ವ, ಯೂರಿಕ್ ಆಮ್ಲ ಮುಂತಾದವು ತಾವೇ ವ್ಯಯವಾಗಿ ಅದನ್ನು ತಡೆಯುತ್ತವೆ. ಆದರೂ ಅದು ಹಾದಿಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಹೀರಲ್ಪಡುತ್ತ, ಲೇಪವು ತೆಳುವಾಗಿರುವ ಸಣ್ಣ ಕೊಳವೆಗಳ ಕೊನೆಯಲ್ಲಿ ಜೀವಕೋಶಗಳಿಗೆ ಹೆಚ್ಚು ಹಾನಿ ಮಾಡುತ್ತದೆ. ವಾಹನಗಳ ಹೊಗೆ ಬಿಸಿಲಿನೊಡನೆ ಸೇರಿದಾಗ ಹುಟ್ಟುವ ಅನಿಲವಾದುದರಿಂದ ಬೇಸಿಗೆಯ ಮಧ್ಯಾಹ್ನದಲ್ಲಿ ಇದು ಹೆಚ್ಚಾಗಿರುತ್ತದೆ. ಮಕ್ಕಳ ಆಟೋಟಗಳನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವ ನಮ್ಮ ಹಳೆಯ ರೂಢಿಗೆ ಬಿಸಿಲಲ್ಲದೆ ಈ ಕಾರಣವೂ ಒಂದು ಸಮರ್ಥನೆಯಾಗುತ್ತದೆ.

ಸದ್ದಿಲ್ಲದೆ ರಕ್ತಕ್ಕೆ ಸೇರುವ ಅನಿಲ

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯಿಲ್ಲ. ನೀರಿನಲ್ಲಿ ಅದು ಕರಗುವುದು ಅತ್ಯಲ್ಪ. ಹಾಗಾದರೆ ಅದು ದೇಹವನ್ನು ಸೇರುವುದು ಹೇಗೆ ಎಂಬ ಸಂಶಯ ಬರಬಹುದು. ಮೇಲೆ ಹೇಳಿದ ಮಾತನ್ನು ಇಲ್ಲಿ ನೆನೆಯಬೇಕು. ಹೀರಿದ್ದು ಎಲ್ಲಿಗಾದರೂ ಹೋಗುತ್ತಿದ್ದರೆ ಹೀರುವಿಕೆ ನಿಲ್ಲುವುದಿಲ್ಲ. ಮೂಗಿನಲ್ಲಿಯಾಗಲಿ ಶ್ವಾಸನಾಳದಲ್ಲಿಯಾಗಲಿ ಅದನ್ನು ಹಿಡಿಯುವವರಿಲ್ಲ. ಆದರೆ ಗಾಳಿಗೂಡಿನ ತೆಳು ಪೊರೆಯ ಆಚೆ ರಕ್ತದ ಹಿಮೋಗ್ಲೋಬಿನ್ ಕಾದಿದೆ. ಅದು ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಕರಗಿದ ಪ್ರತಿ ಕಣವನ್ನೂ ರಕ್ತ ಕೂಡಲೇ ಕಸಿದುಕೊಳ್ಳುವುದರಿಂದ ಮತ್ತಷ್ಟು ಕರಗುತ್ತಲೇ ಹೋಗುತ್ತದೆ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿಯು 1890ರ ದಶಕದಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ, ತನ್ನ ರಕ್ತವನ್ನು ಪರೀಕ್ಷಿಸಿ ಅದರ ಪರಿಣಾಮಗಳನ್ನು ದಾಖಲಿಸಿದನು.

ಇದು ದೂರದ ಕಾರ್ಖಾನೆಯ ಮಾತಲ್ಲ, ನಮ್ಮ ಮನೆಯ ಮಾತು. ಹಸಿ ಕಟ್ಟಿಗೆಯ ಒಲೆಯ ಹೊಗೆಯಲ್ಲಿ ಕಣ್ಣುರಿಸುವ ಅನಿಲಗಳೂ ಇರುತ್ತವೆ, ಮಾನಾಕ್ಸೈಡೂ ಇರುತ್ತದೆ. ಕಣ್ಣುರಿಯ ಕಾರಣದಿಂದ ನಾವು ಬಾಗಿಲು ತೆರೆಯುತ್ತೇವೆ. ಕಟ್ಟಿಗೆಯೆಲ್ಲ ಉರಿದು ಕೆಂಪು ಕೆಂಡವಾದಾಗ ಹೊಗೆ ನಿಲ್ಲುತ್ತದೆ. ಇನ್ನು ಭಯವಿಲ್ಲವೆಂದು ಅದನ್ನು ಶೇಗಡಿಯಲ್ಲಿ ತುಂಬಿ ಚಳಿಗಾಲದ ರಾತ್ರಿ ಮಲಗುವ ಕೋಣೆಗೋ ಬಾಣಂತಿಯ ಕೋಣೆಗೋ ಒಯ್ದು, ಗಾಳಿ ತಾಗಬಾರದೆಂದು ಕಿಟಕಿ ಬಾಗಿಲುಗಳನ್ನು ಮುಚ್ಚುತ್ತೇವೆ. ಎಚ್ಚರಿಸುತ್ತಿದ್ದ ಅನಿಲಗಳು ಹೋಗಿವೆ, ಕೊಲ್ಲುವ ಅನಿಲ ಮಾತ್ರ ಉಳಿದಿದೆ. ಗಾಳಿ ಸಾಲದ ಕೆಂಡವು ಮಾನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಂತಿ, ಮಂಪರು. ಮಲಗಿರುವವರಿಗೆ ಇವು ತಿಳಿಯುವುದೇ ಇಲ್ಲ. ಗರ್ಭಿಣಿಯರಲ್ಲಿ ಇದು ಗರ್ಭದ ಶಿಶುವಿನ ರಕ್ತವನ್ನೂ ಸೇರುತ್ತದೆ. ಇಲ್ಲಿ ಸೆರಗು, ಒದ್ದೆ ಬಟ್ಟೆ, ಮುಖಗವಸು ಯಾವುದೂ ಕೆಲಸಕ್ಕೆ ಬಾರದು. ನೀರಿನಲ್ಲಿ ಕರಗದ ಅನಿಲವನ್ನು ಒದ್ದೆ ಬಟ್ಟೆಯು ತಡೆಯುವುದೆಂತು?

ಹೀಗೆ ವಿಷವೇರಿದವರನ್ನು ಕೂಡಲೇ ಬಯಲಿನ ಗಾಳಿಗೆ ತಂದು 108ಕ್ಕೆ ಕರೆ ಮಾಡಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತವು ಹಿಡಿದುಕೊಂಡ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆಗಳು ಬೇಕಾಗುತ್ತವೆ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು.

ಶೌಚದ ಗುಂಡಿ, ಚರಂಡಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡಿನದು ಇನ್ನೊಂದು ವಂಚನೆ. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದೆ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ವಾಸನೆಯ ಶಕ್ತಿಯನ್ನೇ ಕುಂದಿಸುವುದರಿಂದ ನಾತ ಹೋಯಿತೆಂದು ಭಾಸವಾಗುತ್ತದೆ. ಗುಂಡಿಯಲ್ಲಿ ಬಿದ್ದವನನ್ನು ಎತ್ತಲು ಇಳಿದವನೂ ಬೀಳುವುದಕ್ಕೆ ಇದೊಂದು ಕಾರಣ. ಅಂತಹ ವೇಳೆಯಲ್ಲಿ ಯಾರೂ ಬರಿಗೈಯಲ್ಲಿ ಒಳಗಿಳಿಯದೆ ಅಗ್ನಿಶಾಮಕ ದಳದವರನ್ನು ಕರೆಯಬೇಕು.

ಉಪಸಂಹಾರ

ನಮ್ಮ ಸಮೀಪದ ಅನಂತಗಿರಿ ಬೆಟ್ಟದ ಮೇಲೆ ಕ್ಷಯರೋಗಿಗಳಿಗಾಗಿ ಆಸ್ಪತ್ರೆಯನ್ನು ಕಟ್ಟಿದವರು ಮೂಸಿ ನದಿ ಹುಟ್ಟುವ ಆ ಕಾಡಿನ ಗಾಳಿಯನ್ನೂ ಔಷಧವೆಂದು ಎಣಿಸಿದ್ದರು. ಅಂತಹ ನಾಡಿನಲ್ಲಿರುವ ನಾವು ಗಾಳಿಯ ವಿಷಯದಲ್ಲಿ ನಿಶ್ಚಿಂತರಾಗಿರುವುದು ಸಹಜ. ಆದರೆ ಬೆಟ್ಟದ ಗಾಳಿ ಎಷ್ಟೇ ಶುದ್ಧವಾಗಿದ್ದರೂ ಬಾಗಿಲು ಮುಚ್ಚಿದ ಕೋಣೆಯೊಳಗೆ ಅದು ಬರಲಾರದು.

ಈ ಲೇಖನದ ಸಾರವನ್ನು ಹೀಗೆ ಹೇಳಬಹುದು. ಉರಿಸುವ ಅನಿಲವು ಮೇಲೆಯೇ ಕರಗಿ ನಮ್ಮನ್ನು ಎಚ್ಚರಿಸುತ್ತದೆ. ಅದಕ್ಕೆ ಒದ್ದೆ ಬಟ್ಟೆಯನ್ನು ಅಡ್ಡ ಹಿಡಿದು, ಮೂಗಿನಿಂದ ಉಸಿರಾಡುತ್ತ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ದೂರ ಸರಿಯಬೇಕು. ಉರಿಸದ ಅನಿಲವು ಆಳಕ್ಕೆ ಇಳಿಯುತ್ತದೆ. ಅದಕ್ಕೆ ತೆರೆದ ಕಿಟಕಿ ಬಾಗಿಲುಗಳ ಹೊರತು ಬೇರೆ ಪರಿಹಾರವಿಲ್ಲ. ಕಣ್ಣಿಗೆ ಉರಿಯಿಲ್ಲ, ಮೂಗಿಗೆ ವಾಸನೆಯಿಲ್ಲ ಎಂಬುದನ್ನೇ ಕ್ಷೇಮದ ಗುರುತೆಂದು ಎಂದಿಗೂ ತಿಳಿಯಬಾರದು.

ಅಂದು ತರಗತಿಯಲ್ಲಿ ಕನ್ನಡದಲ್ಲಿ ಕಲಿತ ‘ಕರಗುವ ಗುಣ’ ಎಂಬ ಸಣ್ಣ ಮಾತು ಇಷ್ಟು ದೂರ ಬೆಳಕು ಬೀರುತ್ತದೆ. ಇಂದಿನ ಮಕ್ಕಳು ಅಮೋನಿಯಾ ಕಾರಂಜಿಯನ್ನು ಕಂಡು ಚಪ್ಪಾಳೆ ತಟ್ಟಿದ ದಿನ ಮನೆಗೆ ಹೋಗಿ, ಅಜ್ಜಿಯ ಕೋಣೆಯಲ್ಲಿರುವ ಶೇಗಡಿಯನ್ನು ಅಂಗಳಕ್ಕೆ ಇಡಿಸಿ, ಒಂದು ಕಿಟಕಿಯನ್ನು ತೆರೆಸಿದರೆ ನಮ್ಮ ಗುರುಗಳ ಶ್ರಮ ಸಾರ್ಥಕವಾದಂತೆ.